ಜಕ್ಕಾಯನ ಲೆಕ್ಕ, ಸಂಸತ್ತಿನ ಲೆಕ್ಕ

ಸುಂಕದವನಾದ ಜಕ್ಕಾಯನು ಪ್ರಭು ಯೇಸುವನ್ನು ಮನೆಗೆ ಬರಮಾಡಿಕೊಂಡ ದಿನ, ತಾನು ಮೋಸದಿಂದ ಕಸಿದುಕೊಂಡದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವೆನೆಂದು ಮಾತು ಕೊಟ್ಟನು. ಕಸಿದವನು ಕೊಡಬೇಕು, ಕಳೆದುಕೊಂಡವನು ಪಡೆಯಬೇಕು. ಪರಿಹಾರವೆಂಬುದರ ನ್ಯಾಯ ಇಷ್ಟೇ. ಸಂತ ತೋಮಸ್ ಅಕ್ವಿನಾಸರ ಬೋಧನೆಯೂ ಇದೇ.

ಈ ನ್ಯಾಯವು ತಲೆಕೆಳಗಾದ ಪ್ರಸಂಗವೊಂದು ಇತಿಹಾಸದಲ್ಲಿದೆ. 1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿಯನ್ನು ರದ್ದುಪಡಿಸುವ ಶಾಸನವನ್ನು ಅಂಗೀಕರಿಸಿತು. ವೆಸ್ಟ್ ಇಂಡೀಸ್, ಮಾರಿಷಸ್ ಮೊದಲಾದ ವಸಾಹತುಗಳ ಸುಮಾರು 8 ಲಕ್ಷ ಗುಲಾಮರು ಅದರ ವ್ಯಾಪ್ತಿಗೆ ಬಂದರು. ಜೊತೆಗೆ 2 ಕೋಟಿ ಪೌಂಡುಗಳ ಪರಿಹಾರವೂ ಮಂಜೂರಾಯಿತು. ಆದರೆ ಅದು ಸಂದದ್ದು ಗುಲಾಮರ ಒಡೆಯರಿಗೆ. ಗುಲಾಮರಿಗೆ ಒಂದು ಕಾಸೂ ದೊರೆಯಲಿಲ್ಲ. ಬಹುತೇಕ ವಸಾಹತುಗಳಲ್ಲಿ ಅವರು ‘ಅಪ್ರೆಂಟಿಸ್’ಗಳೆಂಬ ಹೊಸ ಹೆಸರಿನಲ್ಲಿ 1838ರವರೆಗೆ ಅದೇ ಒಡೆಯರಿಗೆ ಕೂಲಿಯಿಲ್ಲದೆ ದುಡಿಯಬೇಕಾಯಿತು.

ಹಣ ಹಂಚಲು ಆಯೋಗವೊಂದು ನೇಮಕವಾಯಿತು. ಅದರ ಮುಂದೆ 40 ಸಾವಿರಕ್ಕೂ ಹೆಚ್ಚು ಕೋರಿಕೆಗಳು ಬಂದವು. ತೋಟದೊಡೆಯನು ಕೇಳಿದ ಹಣಕ್ಕೆ ಅವನಿಗೆ ಸಾಲ ಕೊಟ್ಟಿದ್ದ ವರ್ತಕನು ತಕರಾರು ಹೂಡಿದನು. ಉಯಿಲಿನಂತೆ ವರ್ಷಾಶನ ಪಡೆಯುತ್ತಿದ್ದ ವಿಧವೆಯರೂ ಪಾಲಿಗಾಗಿ ಕಾದಿದ್ದ ದಾಯಾದಿಗಳೂ ತಮ್ಮ ತಮ್ಮ ಹಕ್ಕು ಮಂಡಿಸಿದರು. ಆಯುಕ್ತರು ಅಡಮಾನ ಪತ್ರಗಳನ್ನೂ ಉಯಿಲುಗಳನ್ನೂ ಪರಿಶೀಲಿಸಿ ತೀರ್ಪು ಕೊಟ್ಟರು. ಗುಲಾಮರ ಹೆಸರುಗಳೂ ಸರ್ಕಾರದ ನೋಂದಣಿ ಪುಸ್ತಕಗಳಲ್ಲಿದ್ದವು. ಆದರೆ ಒಡೆಯರ ಸೊತ್ತಿನ ಪಟ್ಟಿಯಾಗಿ ಮಾತ್ರ. ಹೊಲದಾಳು, ಮನೆಯಾಳು, ಮಗು, ಮುದುಕ ಎಂದು ವಿಂಗಡಿಸಿ ಅವರಿಗೆ ಬೆಲೆ ಕಟ್ಟಲಾಯಿತು. ಅಷ್ಟೆಲ್ಲ ವ್ಯಾಜ್ಯಗಳಲ್ಲಿ ಅನ್ಯಾಯಕ್ಕೊಳಗಾದವನು ವಾದಿಯೂ ಆಗಿರಲಿಲ್ಲ, ಪ್ರತಿವಾದಿಯೂ ಆಗಿರಲಿಲ್ಲ. ಅವನು ವ್ಯಾಜ್ಯದ ವಸ್ತುವಾಗಿದ್ದನು.

ಬಾರ್ಬಡೋಸಿನಲ್ಲಿ ತೋಟಗಳನ್ನು ಹೊಂದಿದ್ದ ಆಂಗ್ಲಿಕನ್ ಧರ್ಮಪ್ರಚಾರ ಸಂಸ್ಥೆಯೂ ಈ ಪರಿಹಾರ ಪಡೆಯಿತು. ಕಥೋಲಿಕರಾದ ನಾವು ಅವರತ್ತ ಬೆರಳು ತೋರುವಂತಿಲ್ಲ. 1838ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಯೇಸುಸಭೆಯ ಗುರುಗಳು 272 ಮಂದಿ ಗುಲಾಮರನ್ನು ಮಾರಿದರು. ಮರುವರ್ಷವೇ ಜಗದ್ಗುರು ಹದಿನಾರನೆಯ ಗ್ರೆಗೊರಿಯವರು ಗುಲಾಮರ ವ್ಯಾಪಾರವನ್ನು ಖಂಡಿಸಿದರು.

ಒಡೆಯರಿಗೆ ಕೊಡಲು ಬ್ರಿಟಿಷ್ ಸರ್ಕಾರ ಎತ್ತಿದ ಸಾಲದ ಬಾಕಿ ಪೂರ್ತಿಯಾಗಿ ತೀರಿದ್ದು 2015ರಲ್ಲಿ. ಕೆರಿಬಿಯನ್ ರಾಷ್ಟ್ರಗಳು 2013ರಲ್ಲಿ ಆಯೋಗವೊಂದನ್ನು ರಚಿಸಿ, ಗುಲಾಮರ ಸಂತತಿಗೆ ನ್ಯಾಯ ಕೇಳುತ್ತಿವೆ. ಯಾರಿಗೆ, ಎಷ್ಟು, ಯಾವ ಆಧಾರದ ಮೇಲೆ ಕೊಡುವುದು, ಈ ಲೆಕ್ಕ ಅಸಾಧ್ಯವೆಂಬುದು ಹಲವರ ವಾದ. ಲೆಕ್ಕ ಕಠಿಣವೆಂಬುದು ನಿಜ. ಅನ್ಯಾಯಕ್ಕೊಳಗಾದವರು ಬದುಕಿದ್ದಾಗಲೇ ಕೊಡದೆ ಹೋದುದರಿಂದ ಅದು ಇನ್ನಷ್ಟು ಕಠಿಣವಾಗಿದೆ. ಆದರೆ ವಿಧವೆಯ ವರ್ಷಾಶನದವರೆಗೂ ಲೆಕ್ಕ ಹಾಕಿ ಹಂಚಿದ ರಾಜ್ಯವೊಂದು ಈಗ ಲೆಕ್ಕ ಬಾರದೆಂದರೆ ಒಪ್ಪಲಾದೀತೇ? ಅಂದು ಕೊಡುವ ಮನಸ್ಸಿತ್ತು, ಆದ್ದರಿಂದ ದಾರಿಯೂ ಕಂಡಿತು.

ಪ್ರಿಯ ವಾಚಕರೇ, ನಮ್ಮ ಮನೆ, ತೋಟ, ಸಂಸ್ಥೆಗಳಲ್ಲಿ ದುಡಿಯುವವರಿಗೆ ಸಲ್ಲಬೇಕಾದ ಬಾಕಿಯೂ ಇರಬಹುದು. ನಮಗಾದ ನಷ್ಟವನ್ನು ನಾವು ಬೇಗ ಎಣಿಸುತ್ತೇವೆ. ನಮ್ಮಿಂದ ಇತರರಿಗಾದ ನಷ್ಟವನ್ನು ಎಣಿಸಲು ತಡಮಾಡುತ್ತೇವೆ. ಜಕ್ಕಾಯನು ಯಾವ ಆಯೋಗದ ತೀರ್ಪಿಗೂ ಕಾಯಲಿಲ್ಲ. ತನ್ನ ಲೆಕ್ಕವನ್ನು ತಾನೇ ತೆರೆದನು. ಆ ದಿನವೇ ಅವನ ಮನೆಗೆ ರಕ್ಷಣೆ ಬಂದಿತು.