ಜಾಣ ಒಲೆಯೂ ಜೋಳದ ರೊಟ್ಟಿಯೂ

ಇದು ಯಂತ್ರಯುಗವೆಂದು ನಮ್ಮ ಹಿರಿಯರು ಬರೆಯತೊಡಗಿ ಬಹುಕಾಲವಾಯಿತು. ಬೀಸುವ ಕಲ್ಲು ಹೋಗಿ ಹಿಟ್ಟಿನ ಗಿರಣಿ ಬಂದಿತು. ಒರಳು ಮೂಲೆ ಸೇರಿ ಮಿಕ್ಸರು ಕಟ್ಟೆಯನ್ನೇರಿತು. ಕಟ್ಟಿಗೆಯ ಹೊಗೆ ಕಡಿಮೆಯಾಗಿ ಗ್ಯಾಸಿನ ನೀಲಿ ಉರಿ ಬಂದಿತು. ಇವೆಲ್ಲವೂ ಕೈಯ ಕೆಲಸವನ್ನಷ್ಟೇ ಹಂಚಿಕೊಂಡವು. ಎಷ್ಟು ಉಪ್ಪು, ಎಷ್ಟು ಉರಿ, ಎಷ್ಟು ಹೊತ್ತು ಎಂಬ ಬುದ್ಧಿಯ ಕೆಲಸ ಮಾತ್ರ ಅಡಿಗೆ ಮಾಡುವವಳ ಪಾಲಿಗೇ ಉಳಿಯಿತು. ಈಗ ಮಾರುಕಟ್ಟೆಗೆ ಬಂದಿರುವ ಯಂತ್ರವು ಆ ಬುದ್ಧಿಯ ಕೆಲಸವನ್ನೂ ತಾನೇ ಮಾಡುವೆನೆನ್ನುತ್ತದೆ. ಕೈಯಲ್ಲಿರುವ ಮೊಬೈಲು ಹೇಳುವದು, ಕಟ್ಟೆಯ ಮೇಲಿನ ಪಾತ್ರೆ ಕೇಳುವದು, ಅಡಿಗೆ ಆಗುವದು! ಇಂಥವನ್ನು ಅಂಗಡಿಯವರು ‘ಸ್ಮಾರ್ಟ್’ ಎನ್ನುತ್ತಾರೆ. ನಾನು ಜಾಣ ಒಲೆ ಎಂದು ಕರೆಯುತ್ತೇನೆ. ಈ ಜಾಣ ಒಲೆ ನಮ್ಮ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮನೆಗಳಿಗೆ ಬಂದರೆ ಯಾರ ಹೊರೆ ಇಳಿಯುವದು? ಇದನ್ನು ವಿಚಾರಿಸುವದೇ ಈ ಲೇಖನದ ಉದ್ದೇಶ.

ಮೊದಲು ಯಂತ್ರದ ಪರಿಚಯ ಮಾಡಿಕೊಳ್ಳೋಣ. ಹೊರನೋಟಕ್ಕೆ ಅದು ದೊಡ್ಡದೊಂದು ಮಿಕ್ಸರಿನಂತೆ ಕಾಣುತ್ತದೆ. ಪಾತ್ರೆಯ ಕೆಳಗೆ ತೂಕ ಮಾಡುವ ಸಾಧನ, ಕಾಯಿಸುವ ಸಾಧನ, ಉಷ್ಣತೆಯನ್ನು ಅಳೆಯುವ ಸಾಧನ; ನಡುವೆ ತಿರುಗುವ ಅಲಗು. ಮೊಬೈಲಿನ ಆ್ಯಪಿನಲ್ಲಿ ಪದಾರ್ಥವನ್ನೂ ಉಣ್ಣುವವರ ಸಂಖ್ಯೆಯನ್ನೂ ಆರಿಸಿದರೆ, ಉಳ್ಳಾಗಡ್ಡಿ ಇಷ್ಟು ಗ್ರಾಂ, ಎಣ್ಣೆ ಇಷ್ಟು ಗ್ರಾಂ ಎಂದು ಒಂದೊಂದಾಗಿ ಕೇಳುತ್ತದೆ. ಹಾಕುತ್ತ ಹೋದಂತೆ ತೂಗುತ್ತದೆ, ಸಾಕಾದಾಗ ಸಾಕೆನ್ನುತ್ತದೆ, ತಾನೇ ಕಾಯಿಸಿ, ತಿರುವಿ, ಕೊನೆಗೆ ಗಂಟೆ ಬಾರಿಸುತ್ತದೆ.

ಈ ಬಯಕೆ ಹೊಸದೇನೂ ಅಲ್ಲ. 1955ರಲ್ಲಿಯೇ ಜಪಾನಿನ ತೋಶಿಬಾ ಕಂಪನಿಯು ಅನ್ನ ಬೆಂದೊಡನೆ ತಾನಾಗಿಯೇ ಆರುವ ವಿದ್ಯುತ್ ಪಾತ್ರೆಯನ್ನು ಮಾರಾಟಕ್ಕೆ ತಂದಿತು. 1969ರಲ್ಲಿ ಅಮೇರಿಕದ ಹನಿವೆಲ್ ಕಂಪನಿಯ, ಅಡಿಗೆಯ ವಿಧಾನಗಳನ್ನು ನೆನಪಿಡುವ ‘ಕಿಚನ್ ಕಂಪ್ಯೂಟರ್’ ಒಂದು 10,600 ಡಾಲರುಗಳಿಗೆ ಜಾಹೀರಾಯಿತು. ಅದರೊಡನೆ ಮಾತಾಡಬೇಕಾದರೆ ಗೃಹಿಣಿಯು ಸೊನ್ನೆ-ಒಂದುಗಳ ಲಿಪಿಯನ್ನು ಕಲಿಯಬೇಕಿತ್ತು! ಒಂದಾದರೂ ಮಾರಾಟವಾದ ದಾಖಲೆಯಿಲ್ಲ. 1971ರಲ್ಲಿ ಜರ್ಮನಿಯ ಥರ್ಮೋಮಿಕ್ಸ್ ಬಂದು, ಅರೆಯುವದನ್ನೂ ಕಾಯಿಸುವದನ್ನೂ ಒಂದೇ ಪಾತ್ರೆಯಲ್ಲಿ ಕೂಡಿಸಿತು. ಈಗ ನಮ್ಮ ಬೆಂಗಳೂರಿನಲ್ಲಿಯೇ ಇಂಥ ಯಂತ್ರಗಳನ್ನು ತಯಾರಿಸುವ ಕಂಪನಿಗಳಿವೆ. ಹೊಲದಲ್ಲಿ ಟ್ರ್ಯಾಕ್ಟರು ಬಂದಾಗ ಹೇಗೋ ಹಾಗೆ, ಇಂದು ಪೇಟೆಯ ಹತ್ತು ಮನೆಗೆ ಬಂದದ್ದು ನಾಳೆ ಹಳ್ಳಿಗೂ ಬರುವದರಲ್ಲಿ ಸಂದೇಹವಿಲ್ಲ.

ಲಕ್ಷ್ಮೇಶ್ವರದ ನಮ್ಮ ಕಾಕಿಯ ಮನೆಗೆ ಅದು ಆಗಲೇ ಬಂದಿದೆ. ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗ ತಾಯಿಗೆ ಸುಖವಾಗಲೆಂದು ಕಳಿಸಿದ್ದಾನೆ. ಕಳೆದ ದೀಪಾವಳಿಯ ರಜೆಯಲ್ಲಿ ಅವ್ವನೊಡನೆ ಹೋದಾಗ ನಾನು ಅದನ್ನು ಕಣ್ಣಾರೆ ಕಂಡೆನು. ಉಪ್ಪಿಟ್ಟು ಮಾಡಿತು, ಗಂಟಿಲ್ಲ, ತಳ ಹಿಡಿಯಲಿಲ್ಲ. ರುಚಿಯೂ ಹದವಾಗಿತ್ತೆಂದು ಹೇಳದಿದ್ದರೆ ಅನ್ಯಾಯವಾದೀತು. ಆದರೆ ಆ್ಯಪಿನಲ್ಲಿ ಭಾಷೆಗಳು ಇದ್ದವು ಎರಡೇ: ಇಂಗ್ಲಿಷು ಮತ್ತು ಹಿಂದಿ. ಕಾಕಿಗೆ ಎರಡೂ ಬಾರವು. ಆದುದರಿಂದ ಶಾಲೆಗೆ ಹೋಗುವ ಮೊಮ್ಮಗಳು ಪಕ್ಕದಲ್ಲಿ ನಿಂತು ಓದಿ ಹೇಳಬೇಕು. ಆಕೆ ಶಾಲೆಗೆ ಹೋದ ಮೇಲೆ ಜಾಣ ಒಲೆ ಮೂಕ ಒಲೆ! ಅವ್ವ ಎಲ್ಲವನ್ನೂ ಸಾವಕಾಶವಾಗಿ ನೋಡಿ, “ಎಲ್ಲಾ ಛಲೋ ಐತಿ ತಂಗಿ, ಇದನ್ನ ತಿಕ್ಕಿ ತೊಳಿಯಾಕ ಯಾರ ಬರ್ತಾರ?” ಎಂದು ಕೇಳಿದಳು. “ಅದಕ್ಕ ನಾ ಅದೀನಲ್ಲಕ್ಕಾ!” ಎಂದು ಕಾಕಿ ನಕ್ಕಳು. ಅರ್ಥಶಾಸ್ತ್ರದ ತರಗತಿಯಲ್ಲಿ ನಾನು ಕೇಳಿದ ಎಷ್ಟೋ ಪ್ರಶ್ನೆಗಳಿಗಿಂತ ಅವ್ವನ ಈ ಪ್ರಶ್ನೆ ಆಳವಾದುದೆಂದು ನನಗೆ ತೋರುತ್ತದೆ.

ಉಪ್ಪಿಟ್ಟಿನ ಮಾತು ಸಾಕು. ನಮ್ಮ ಕಡೆಯ ಮುಖ್ಯ ಅಡಿಗೆ ಜೋಳದ ರೊಟ್ಟಿ. ಕಾಕಿಯ ಯಂತ್ರದ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಇದಕ್ಕೆ ಶಾಸ್ತ್ರೀಯವಾದ ಕಾರಣವುಂಟು. ಗೋಧಿಯಲ್ಲಿ ಗ್ಲುಟನ್ ಎಂಬ ಅಂಟುಗುಣವಿದೆ. ಆದ್ದರಿಂದ ಅದರ ಕಣಕ ರಬ್ಬರಿನಂತೆ ಹಿಗ್ಗುತ್ತದೆ, ಯಂತ್ರದ ಒತ್ತಡವನ್ನು ತಾಳುತ್ತದೆ. ಜೋಳದಲ್ಲಿ ಅದಿಲ್ಲ. ಎಸರಿನ ಬಿಸಿ ತಗುಲಿ ಹಿಟ್ಟಿನ ಪಿಷ್ಟ ಅರ್ಧಮರ್ಧ ಬೆಂದರೇನೇ ಜಿಗುಟು ಹುಟ್ಟುವದು. ನಾದಿದ ಹಿಟ್ಟು ಆರುವದರೊಳಗಾಗಿ ಬಡಿಯಬೇಕು, ಬಡಿಯುವಾಗ ತಿರುಗಿಸುತ್ತಿರಬೇಕು, ಹಂಚಿನ ಮೇಲೆ ಹಾಕಿದೊಡನೆ ನೀರು ಸವರಬೇಕು. ಹಿಟ್ಟು ಹಳೆಯದಾದರೆ ಅಂಚು ಬಿರಿಯುವದು. ಆಗ ಎಸರಿನ ಲೆಕ್ಕವೇ ಬೇರೆ. ಇದನ್ನೆಲ್ಲ ಅವ್ವ ಗ್ರಾಮಿನಲ್ಲಿ ಅಳೆಯುವದಿಲ್ಲ. ಬೆರಳಿಗೆ ಹತ್ತಿದ ಹಿಟ್ಟನ್ನು ನೋಡಿ ತಿಳಿಯುತ್ತಾಳೆ. ಸಿಂಗಾಪುರದಲ್ಲಿ ಭಾರತೀಯ ಮೂಲದ ಎಂಜಿನಿಯರಳಾದ ಪ್ರಣೋತಿ ನಾಗರಕರ ಅವರು ವರ್ಷಗಟ್ಟಲೆ ದುಡಿದು ರೊಟ್ಟಿ ಮಾಡುವ ಯಂತ್ರವೊಂದನ್ನು ರಚಿಸಿದರು. ‘ರೋಟಿಮ್ಯಾಟಿಕ್’ ಎಂಬ ಆ ಯಂತ್ರ 2016ರಲ್ಲಿ ಕೊಳ್ಳುವವರ ಕೈಸೇರಿತು. ಆಗಿನ ಬೆಲೆ ಸುಮಾರು 1000 ಡಾಲರು. ಹಿಟ್ಟು-ನೀರು-ಎಣ್ಣೆಗಳನ್ನು ತುಂಬಿದರೆ ತಾನೇ ಕಲಸಿ, ಒತ್ತಿ, ಬೇಯಿಸುವ ಅದು ಮುಖ್ಯವಾಗಿ ಹುಟ್ಟಿದ್ದು ಗೋಧಿಯ ರೊಟ್ಟಿಗಾಗಿ. ಅಂದರೆ, ಯಂತ್ರವು ಮೊದಲು ಯಾರ ಹಸಿವನ್ನು ಕೇಳುತ್ತದೆ ಎಂಬುದು ಕೊಳ್ಳುವವರು ಯಾರೆಂಬುದರ ಮೇಲೆ ಅವಲಂಬಿಸಿದೆ.

ರೊಟ್ಟಿಯ ಬಗ್ಗೆ ಕವಿತೆ ಬರೆಯುವದು ಸುಲಭ. ದಿನಾಲು ಮೂವತ್ತು ರೊಟ್ಟಿ ಬಡಿಯುವದು ಕಠಿಣ. ಮುಂಡರಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಅವ್ವ ಬೆಳಗಿನ ಐದಕ್ಕೆ ಏಳುತ್ತಾಳೆ; ನಾನೂ ಏಳುತ್ತೇನೆ. ಆಕೆ ಬಡಿಯುತ್ತಾಳೆ, ನಾನು ಬೇಯಿಸುತ್ತೇನೆ. ಪಲ್ಲೆ, ಚಹ, ಪಾತ್ರೆ ಮುಗಿಯುವಷ್ಟರಲ್ಲಿ ಗದಗಿನ ಬಸ್ಸಿನ ಹೊತ್ತು. 2023ರ ಜೂನಿನಿಂದ ಸರಕಾರವು ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣವನ್ನು ಪುಕ್ಕಟೆ ಮಾಡಿದೆ. ಅದರಿಂದಲೇ ನನ್ನಂಥ ಎಷ್ಟೋ ಜನರಿಗೆ ಕಾಲೇಜು ಹತ್ತಿರವಾಯಿತು. ಆದರೆ ಬಸ್ಸು ಹತ್ತುವ ಮುಂಚಿನ ಎರಡು ತಾಸುಗಳು ಇನ್ನೂ ಪುಕ್ಕಟೆಯಾಗಿಯೇ ಹೋಗುತ್ತಿವೆ! ಅದೇ ಎರಡು ತಾಸುಗಳಲ್ಲಿ ನಮ್ಮ ಗಂಡುಸಹಪಾಠಿಗಳು ನೋಟ್ಸು ತಿರುವಿರುತ್ತಾರೆ, ಇಲ್ಲವೆ ನಿದ್ರೆಯನ್ನಾದರೂ ಮಾಡಿರುತ್ತಾರೆ. ಪರೀಕ್ಷೆಯ ಪ್ರಶ್ನಪತ್ರಿಕೆ ಮಾತ್ರ ಇಬ್ಬರಿಗೂ ಒಂದೇ. ಮನೆತನದಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದವಳಿಗೆ ಈ ಲೆಕ್ಕ ಚೆನ್ನಾಗಿ ತಿಳಿಯುತ್ತದೆ.

ಇದು ನಮ್ಮೊಂದು ಮನೆಯ ಮಾತಲ್ಲ. ಭಾರತ ಸರಕಾರವು ಜನರ ದಿನಚರಿಯನ್ನು ಅಳೆಯುವ ಸಮಯ ಬಳಕೆ ಸಮೀಕ್ಷೆಯನ್ನು 2019ರಲ್ಲಿಯೂ 2024ರಲ್ಲಿಯೂ ನಡೆಯಿಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ 2019ರಲ್ಲಿ ಸರಾಸರಿ 299 ನಿಮಿಷ ಕಳೆದರೆ, ಗಂಡಸರು 97 ನಿಮಿಷ ಕಳೆದರು. 2024ರಲ್ಲಿ ಹೆಂಗಸರಿಗೆ 289, ಗಂಡಸರಿಗೆ 88. ಈ ಐದು ವರ್ಷಗಳಲ್ಲಿ ಮನೆಮನೆಗೂ ಮೊಬೈಲು ಬಂದಿತು, ಮಿಕ್ಸರು ಬಂದಿತು, ಗ್ಯಾಸು ಬಂದಿತು. ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು; ಗಂಡಸರು ತಮಗೂ ಒಂಬತ್ತು ನಿಮಿಷ ಉಳಿಸಿಕೊಂಡರು! ಇಬ್ಬರ ನಡುವಿನ ಅಂತರ 202 ನಿಮಿಷವಿದ್ದದ್ದು 201 ಆಯಿತು. ಅದೂ, ಇದು ಮನೆಗೆಲಸಕ್ಕೆ ಕೈಹಚ್ಚಿದ ಗಂಡಸರ ಲೆಕ್ಕ. ಕೈಯನ್ನೇ ಹಚ್ಚದವರು ಇದರಲ್ಲಿ ಸೇರಿಲ್ಲ. ಅಮೇರಿಕದ ಇತಿಹಾಸಕಾರಳಾದ ರೂತ್ ಶ್ವಾರ್ಟ್ಸ್ ಕೋವನ್ ಎಂಬವರು 1983ರಲ್ಲಿ ‘ಮೋರ್ ವರ್ಕ್ ಫಾರ್ ಮದರ್’ ಎಂಬ ಗ್ರಂಥದಲ್ಲಿ ಇದನ್ನೇ ತೋರಿಸಿದರು. ಮನೆಗೆ ಯಂತ್ರ ಬಂದಂತೆಲ್ಲ ಗಂಡಸರು ಮಕ್ಕಳು ಮಾಡುತ್ತಿದ್ದ ಕೆಲಸ ತಪ್ಪಿತು. ಬಟ್ಟೆಯನ್ನು ಹೆಚ್ಚು ಸಲ ಒಗೆಯುವ, ಬಗೆಬಗೆಯ ಅಡಿಗೆ ಮಾಡುವ ನಿರೀಕ್ಷೆ ಬೆಳೆದು ತಾಯಿಯ ಕೆಲಸ ಹಾಗೆಯೇ ಉಳಿಯಿತು. ಯಂತ್ರಕ್ಕೆ ಗುಂಡಿ ಒತ್ತುವ ಬೆರಳು ಯಾರದೆಂಬುದನ್ನು ಯಂತ್ರ ನಿರ್ಣಯಿಸಲಾರದು.

ಹಾಗಾದರೆ ಜಾಣ ಒಲೆ ಬೇಡವೆನ್ನೋಣವೇ? ಕೆಲವು ಹಿರಿಯರು ಹಾಗೆನ್ನುತ್ತಾರೆ. ಕೈರುಚಿ ಹೋದೀತು, ಸಂಸ್ಕೃತಿ ಕೆಟ್ಟೀತು ಎಂಬುದು ಅವರ ವಾದ. ನಾನು ಇದನ್ನು ಒಪ್ಪಲಾರೆ. ಬೀಸುವ ಕಲ್ಲು ಹೋದುದರಿಂದ ರೊಟ್ಟಿ ಸತ್ತಿಲ್ಲ. ಬೀಸುವವಳ ತೋಳು ಬದುಕಿತು. ಕೈರುಚಿಯನ್ನು ಹೊಗಳುವವರು ಒಂದು ವಾರ ಆ ಕೈಗೆ ವಿಶ್ರಾಂತಿ ಕೊಟ್ಟು ತಮ್ಮ ಕೈರುಚಿಯನ್ನೂ ತೋರಿಸಲಿ. ಯಂತ್ರ ಬರಲಿ, ಆದರೆ ಮೂರು ಷರತ್ತುಗಳ ಮೇಲೆ ಬರಲಿ.

ಮೊದಲನೆಯದು, ಅದು ಗಂಡುಮಕ್ಕಳಿಗೂ ಗುರುವಾಗಲಿ. “ನನಗೆ ಅಡಿಗೆ ಬರುವದಿಲ್ಲ” ಎಂಬುದೇ ನಮ್ಮ ಅಣ್ಣತಮ್ಮಂದಿರ ದೊಡ್ಡ ನೆವ. ಹೆಜ್ಜೆಹೆಜ್ಜೆಗೂ ಇಷ್ಟು ಹಾಕು, ಇಷ್ಟು ತಿರುವು ಎಂದು ಹೇಳುವ ಆ್ಯಪು ಬಂದ ಮೇಲೆ ಆ ನೆವ ನಿಲ್ಲಲಾರದು. ನಿಜ ನೋಡಿದರೆ ನಮ್ಮ ಪರಂಪರೆಯೂ ಆ ನೆವಕ್ಕೆ ಆಸರೆ ಕೊಡುವದಿಲ್ಲ. ಕ್ರಿ.ಶ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ಪಾಕವಿಧಾನಗಳನ್ನು ಬರೆದನು, ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ರಚಿಸಿದನು. ಇಬ್ಬರೂ ಗಂಡಸರೇ. ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಹಾಡಿದನೆಂದು ನಾವು ಹೆಮ್ಮೆಪಡುವ ಕುಮಾರವ್ಯಾಸನ ಕಾವ್ಯದಲ್ಲಿ ಭೀಮನು ವಲಲನೆಂಬ ಹೆಸರಿನಿಂದ ವಿರಾಟನ ಅಡಿಗೆಮನೆಯಲ್ಲಿ ಒಂದು ವರ್ಷ ಸೌಟು ಹಿಡಿದನು. ಅದರಿಂದ ಆತನ ಗದೆಯ ತೂಕವೇನೂ ಕಡಿಮೆಯಾಗಲಿಲ್ಲ!

ಎರಡನೆಯದು, ಯಂತ್ರ ನಮ್ಮ ಮಾತನ್ನು ಕಲಿಯಲಿ. ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಹತ್ತನೆಯ ಶತಮಾನದ ಪಂಪನು ತನ್ನ ಕಾವ್ಯದ ಭಾಷೆ ಆ ಪುಲಿಗೆರೆಯ ಕನ್ನಡದ ತಿರುಳೆಂದು ಹೆಮ್ಮೆಯಿಂದ ಹೇಳಿಕೊಂಡನು. ಆದಿಕವಿಗೆ ಸಾಕಾದ ಭಾಷೆ ಉಪ್ಪಿಟ್ಟಿನ ಪಾತ್ರೆಗೆ ಸಾಲದೇ? ಕನ್ನಡ ಬಂದರಷ್ಟೇ ಸಾಲದು. ಹಿಂಡಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ, ಎಣ್ಣೆಗಾಯಿಗಳೂ ಅದರ ಪಟ್ಟಿಯಲ್ಲಿ ಬರಬೇಕು. ಕನ್ನಡ ವಿಷಯವನ್ನು ಅಭ್ಯಾಸ ಮಾಡುವ ನಾವು ನಮ್ಮ ತಾಯಂದಿರನ್ನು ಕೇಳಿ, ಅಳತೆ ಸಹಿತವಾಗಿ ಬರೆದಿಡಬಾರದೇಕೆ? ನಾಳೆ ಯಂತ್ರ ತಯಾರಿಸುವವರಿಗೆ ಅದೇ ಪಠ್ಯವಾದೀತು. ಯಂತ್ರ ಬಾರದಿದ್ದರೂ ನಮ್ಮಲ್ಲಿ ಉಳಿದೀತು.

ಮೂರನೆಯದು ಎಲ್ಲಕ್ಕೂ ಮುಖ್ಯವಾದುದು. ಒಬ್ಬೊಬ್ಬರ ಮನೆಗೆ ಒಂದೊಂದು ಬೆಲೆಬಾಳುವ ಯಂತ್ರ ಬರಬೇಕೆಂದರೆ ಕೂಲಿಕಾರರ, ನೇಕಾರರ ಮನೆಗೆ ಅದು ಎಂದೂ ಬಾರದು. ಆದರೆ ಒಬ್ಬರಿಗಾಗದ್ದನ್ನು ಊರು ಕೂಡಿ ಮಾಡಬಹುದೆಂದು ದೇಶಕ್ಕೆ ತೋರಿಸಿದ್ದು ನಮ್ಮ ನೆಲವೇ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಸಾಲಕ್ಕೆ ಸಹಕಾರವಾದರೆ ರೊಟ್ಟಿಗೇಕಾಗಬಾರದು? ಜೋಳದ ಹಿಟ್ಟನ್ನು ನಾದುವ, ಒತ್ತುವ ದೊಡ್ಡ ಯಂತ್ರಗಳು ಈಗ ಉಂಟು. ಕಲಬುರಗಿಯಲ್ಲಿ ಜಿಲ್ಲಾಡಳಿತದ ಬೆಂಬಲದಿಂದ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಿಂದ ದೂರದೂರಿಗೂ ರೊಟ್ಟಿ ಮಾರುತ್ತಿದ್ದಾರೆ. ಅಲ್ಲಿ ಮೊಬೈಲು ಬೇಡಿಕೆಯನ್ನು ತರುತ್ತದೆ. ರೊಟ್ಟಿ ಬಡಿದ ಕೈಗೆ ಹಣ ಬರುತ್ತದೆ. ಮುಂಡರಗಿ, ಶಿರಹಟ್ಟಿಗಳ ಒಂದೊಂದು ಓಣಿಯಲ್ಲಿ ಹೆಣ್ಣುಮಕ್ಕಳ ಸಂಘದ ಒಡೆತನದಲ್ಲಿ ಇಂಥದೊಂದು ರೊಟ್ಟಿಮನೆಯಾದರೆ, ಬೆಳಗಿನ ಐದಕ್ಕೆ ನೂರು ಒಲೆ ಹೊತ್ತುವ ಬದಲು ಒಂದು ಹೊತ್ತಿದರೆ ಸಾಕು. ಕೆಲವರಿಗೆ ಸಂಬಳದ ಕೆಲಸ, ಉಳಿದವರಿಗೆ ಬಿಡುವು. ನನ್ನ ದೃಷ್ಟಿಯಲ್ಲಿ ನಿಜವಾದ ಜಾಣ ಒಲೆ ಇದೇ.

ಸಹಪಾಠಿ ಮಿತ್ರರೇ, ನಾಳೆ ನಮ್ಮಲ್ಲಿ ಕೆಲವರು ಅಧಿಕಾರಿಗಳಾಗುವೆವು, ಕೆಲವರು ಶಿಕ್ಷಕರಾಗುವೆವು; ಕೈಯಲ್ಲಿ ನಾಲ್ಕು ಕಾಸು ಬಂದಾಗ ತಾಯಿಗೊಂದು ಯಂತ್ರ ಕಳಿಸುವ ಆಸೆ ಎಲ್ಲರಿಗೂ ಆಗುವದು. ಅವಶ್ಯವಾಗಿ ಕಳಿಸೋಣ. ಆದರೆ ರಜೆಗೆ ಊರಿಗೆ ಬಂದಾಗ ಅದನ್ನು ತಿಕ್ಕಿ ತೊಳೆಯುವ ಕೈಯೂ ನಮ್ಮದಾಗಿರಲಿ. 201 ನಿಮಿಷಗಳ ಆ ಅಂತರ ಯಾವ ಕಂಪನಿಯ ಯಂತ್ರದಿಂದಲೂ ಕರಗಲಾರದು. ಪ್ರತಿಯೊಂದು ಮನೆಯಲ್ಲಿ ಒಬ್ಬ ಮಗ, ಒಬ್ಬ ಗಂಡ, ಒಬ್ಬ ತಂದೆ ಎದ್ದು ಒಲೆಯ ಮುಂದೆ ನಿಂತಾಗ ಮಾತ್ರ ಕರಗೀತು.