ಹಳೆಯ ಗಡಿಯಾರಕ್ಕೆ ಹಸಿರು ಬಣ್ಣ

ಸ್ವಿಟ್ಜರ್ಲೆಂಡಿನ ರೋಲೆಕ್ಸ್ ಕಂಪನಿಯು ತನ್ನ ಬಳಸಿದ ಕೈಗಡಿಯಾರಗಳನ್ನು ಪ್ರಮಾಣಪತ್ರದೊಡನೆ ಮರುಮಾರಾಟ ಮಾಡಿಸುವ ಕ್ರಮವನ್ನು 2022ರಲ್ಲಿ ಆರಂಭಿಸಿತು. ಇಂಥ ಖರೀದಿಯೇ ಪರಿಸರಸೇವೆ ಎಂಬ ಮಾತನ್ನು ಒಪ್ಪಲಾಗದು. ಹಳೆಯದಕ್ಕೆ ಲಕ್ಷಗಟ್ಟಲೆ ಬೆಲೆ ಬಂದರೆ ಮಾರಿದವನು ಆ ಹಣದಿಂದ ಹೊಸದನ್ನೇ ಕೊಳ್ಳಬಲ್ಲ. ಅದರ ಚಿನ್ನಕ್ಕಾಗಿ ಮತ್ತೆಲ್ಲೋ ನೆಲವನ್ನು ಬಗೆಯಬೇಕು.

ಮರುಬಳಕೆಯ ಜೀವಾಳವೇ ದುರಸ್ತಿ. ರೋಲೆಕ್ಸಿನಂಥವರು ತಮ್ಮ ಬಿಡಿಭಾಗಗಳನ್ನು ಸಾಮಾನ್ಯ ರಿಪೇರಿ ಅಂಗಡಿಗೆ ಮಾರುವುದಿಲ್ಲ. ನಮ್ಮ ಎಚ್‌ಎಂಟಿಯನ್ನು ನೋಡಿ: 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆಗೆ ತೊಡಗಿದ ಆ ಉದ್ಯಮವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ನಿರ್ಧರಿಸಿತು. ಆದರೂ ಅದರ ಕೀಲಿ ಕೊಡುವ 'ಜನತಾ' ಗಡಿಯಾರ ಇಂದಿಗೂ ದುರಸ್ತಿಗೆ ಒಗ್ಗುತ್ತದೆ, ಸೆಲ್ಲನ್ನೂ ಬೇಡುವುದಿಲ್ಲ.

ಮನೆಯ ಪೆಟ್ಟಿಗೆಯಲ್ಲಿ ಅಂಥದೊಂದು ನಿಂತುಹೋಗಿದ್ದರೆ ಪೇಟೆಯ ರಿಪೇರಿಯವರ ಬಳಿಗೆ ಒಯ್ಯಿರಿ. ಆ ಕಸುಬು ಉಳಿದರೆ ಬೆಟ್ಟವೂ ಉಳಿದೀತು.