ಹಳದಿ ಗೂಡಿಗೆ ಬಣ್ಣ ಎಲ್ಲಿಂದ?

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಹೋದವರಿಗೆ ಎರಡು ಬಗೆಯ ರಾಶಿಗಳು ಕಾಣುತ್ತವೆ. ಬಿಳಿಯದು ದ್ವಿತಳಿ ಗೂಡು, ಹಳದಿಯದು ಮಿಶ್ರತಳಿ ಗೂಡು. ಕನಕಪುರ, ಚನ್ನಪಟ್ಟಣ, ಮಾಗಡಿ, ಎಲ್ಲಿಂದ ಬಂದ ಗೂಡೇ ಆಗಲಿ, ಹುಳು ತಿಂದದ್ದು ಹಿಪ್ಪುನೇರಳೆ ಸೊಪ್ಪನ್ನೇ. ಸೊಪ್ಪು ಒಂದೇ ಆದರೂ ಬಣ್ಣ ಎರಡೇಕೆ?

ಉತ್ತರ ಹುಳುವಿನ ರಕ್ತದಲ್ಲಿದೆ. ರೇಷ್ಮೆಹುಳುವಿನ ರಕ್ತದಲ್ಲಿ ನಮ್ಮಂತೆ ಕೆಂಪು ಕಣಗಳಿಲ್ಲ. ಕೆಲವು ತಳಿಗಳಲ್ಲಿ ಅದು ಹಳದಿ, ಕೆಲವುಗಳಲ್ಲಿ ಹೆಚ್ಚುಕಡಿಮೆ ಬಣ್ಣರಹಿತ. ಹಳದಿಗೆ ಕಾರಣ ಕೆರೊಟಿನಾಯ್ಡ್ ಎಂಬ ವರ್ಣದ್ರವ್ಯ. ಹುಳು ಇದನ್ನು ತಾನೇ ತಯಾರಿಸಲಾರದು, ಸೊಪ್ಪಿನಿಂದಲೇ ಪಡೆಯಬೇಕು.

ಸೊಪ್ಪಿನ ಬಣ್ಣ ಗೂಡು ತಲುಪಲು ಎರಡು ಬಾಗಿಲು ದಾಟಬೇಕು. ಕರುಳಿನಿಂದ ರಕ್ತಕ್ಕೆ ಮೊದಲನೆಯದು, ರಕ್ತದಿಂದ ರೇಷ್ಮೆಗ್ರಂಥಿಗೆ ಎರಡನೆಯದು. ಮೊದಲ ಬಾಗಿಲಿಗೆ ‘ವೈ’ ಎಂಬ ವಂಶವಾಹಿ ಬೇಕು, ಎರಡನೆಯದಕ್ಕೆ ‘ಸಿ’. ಇವು ತಯಾರಿಸುವ ಪ್ರೋಟೀನುಗಳು ಯಾವುವೆಂದು ಜಪಾನಿನ ವಿಜ್ಞಾನಿಗಳು 2007 ಮತ್ತು 2010ರಲ್ಲಿ ಪ್ರಕಟಿಸಿದರು. ‘ವೈ’ ಕೆಟ್ಟರೆ ರಕ್ತಕ್ಕೂ ಬಣ್ಣವಿಲ್ಲ, ಗೂಡಿಗೂ ಇಲ್ಲ. ‘ವೈ’ ಸರಿಯಿದ್ದು ‘ಸಿ’ ಕೆಟ್ಟಿದ್ದರೆ ರಕ್ತ ಹಳದಿ, ಗೂಡು ಬಿಳಿ! ಈ ಎರಡು ಬಗೆಯ ಬಿಳಿ ಗೂಡಿನ ಶುದ್ಧ ತಳಿಗಳನ್ನು ಕೂಡಿಸಿದರೆ ಮರಿಗಳೆಲ್ಲ ಹಳದಿ ಗೂಡು ಕಟ್ಟುತ್ತವೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಬಣ್ಣದ ವಂಶವಾಹಿಗೂ ರಕ್ತಕ್ಕೂ ನಂಟಿರುವುದು ಹುಳುವಿನಲ್ಲಿ ಮಾತ್ರವಲ್ಲ. ಇಲಿಯಲ್ಲಿ ‘ಕಿಟ್’ ಎಂಬ ವಂಶವಾಹಿಯಿದೆ. ಕೂದಲಿಗೆ ಬಣ್ಣ ಕೊಡುವ ಜೀವಕೋಶಗಳಿಗೂ ರಕ್ತ ಹುಟ್ಟಿಸುವ ಮೂಲಕೋಶಗಳಿಗೂ ಇದು ಬೇಕು. ಇದರ ಎರಡೂ ಪ್ರತಿಗಳು ತೀವ್ರವಾಗಿ ಕೆಟ್ಟರೆ ಮೈ ಬೆಳ್ಳಗಾಗುವುದರ ಜೊತೆಗೆ ಇಲಿಗೆ ರಕ್ತಹೀನತೆಯೂ ಬರುತ್ತದೆ. ಹುಳುವಿನಲ್ಲಿ ಬದಲಾಗುವುದು ರಕ್ತದ ಬಣ್ಣ, ಇಲಿಯಲ್ಲಿ ರಕ್ತದ ಹುಟ್ಟೇ ಕುಂಠಿತ.

ಗೂಡಿನ ಬಣ್ಣ ಮೆಂಡೆಲನ ನಿಯಮದಂತೆ ಸಾಗುತ್ತದೆಂದು ಜಪಾನಿನ ತೋಯಾಮ ಕಾಮೆತಾರೊ 1906ರಲ್ಲೇ ತೋರಿಸಿದ್ದರು. ರೈತನಿಗೆ ಇದರಿಂದೇನು? ನಮ್ಮ ಮಿಶ್ರತಳಿಯ ತಾಯಿ ಸಾಮಾನ್ಯವಾಗಿ ಮೈಸೂರು ತಳಿ, ತಂದೆ ಬಿಳಿ ಗೂಡಿನ ದ್ವಿತಳಿ. ಮೊದಲ ಪೀಳಿಗೆಯ ಗೂಡು ಒಂದೇ ಸಮನೆ ಹಳದಿ. ಚೆನ್ನಾಗಿದೆಯೆಂದು ಅದನ್ನೇ ಬಿತ್ತನೆಗೆ ಇಟ್ಟುಕೊಂಡರೆ ಮುಂದಿನ ಪೀಳಿಗೆ ಚದುರುತ್ತದೆ. ತಂದೆಯ ಕಡೆ ‘ವೈ’, ‘ಸಿ’ ಎರಡೂ ಕೆಟ್ಟಿದ್ದರೆ, ಸರಾಸರಿ 16 ಗೂಡುಗಳಲ್ಲಿ 9 ಹಳದಿ, 7 ಬಿಳಿ. ಬಣ್ಣ ಚದುರಿದ್ದು ಕಣ್ಣಿಗೆ ಕಾಣುತ್ತದೆ. ಅದರ ಜೊತೆಗೇ ನೂಲಿನ ಉದ್ದ, ಹುಳುವಿನ ತಾಳಿಕೆ ಇವೂ ಚದುರುತ್ತವೆ, ಅದು ಕಾಣುವುದಿಲ್ಲ. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಟ್ಟ ಮೇಲೆ ತಿಳಿದರೆ ಕಾಲ ಮೀರಿರುತ್ತದೆ. ಆದ್ದರಿಂದಲೇ ಶುದ್ಧ ತಳಿಯನ್ನು ಪ್ರತ್ಯೇಕ ಬಿತ್ತನೆ ಪ್ರದೇಶಗಳಲ್ಲಿ ಕಾಪಾಡುವುದು, ಪರವಾನಗಿ ಪಡೆದವರಿಂದಲೇ ಮೊಟ್ಟೆ ಕೊಳ್ಳಿ ಎಂದು ಹೇಳುವುದು.

ಇನ್ನು ಹಳದಿ ಬಣ್ಣವೋ, ಅದು ಹೆಚ್ಚಾಗಿ ಎಳೆಯ ಮೇಲಿನ ಅಂಟಿನಲ್ಲೇ ಇರುತ್ತದೆ. ಸಾಬೂನು ನೀರಿನಲ್ಲಿ ಕುದಿಸಿ ಅಂಟು ತೆಗೆದಾಗ ಬಹುಪಾಲು ಹೋಗಿಬಿಡುತ್ತದೆ. ಹರಾಜಿನಲ್ಲಿ ದ್ವಿತಳಿಗೆ ಬೆಲೆ ಹೆಚ್ಚಿರುವುದು ಬಿಳುಪಿಗಲ್ಲ. ಒಂದು ಗೂಡಿನಿಂದ ಸುಮಾರು 1,000 ಮೀಟರ್ ಬಿಚ್ಚಿಬರುವ ಅದರ ಎಳೆಗೆ.